ಲೂಪಸ್: ಎಎನ್‌ಎ ಪದೇ ಪದೇ ಬೇಕೆ?

ಪ್ರಶ್ನೆ: ಲೂಪಸ್ (ದೇಹದ ರೋಗನಿರೋಧಕ ಶಕ್ತಿ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ) ಖಚಿತವಾದ ಮೇಲೂ ಪ್ರತಿ ಭೇಟಿಗೆ ವೈದ್ಯರು ಎಎನ್‌ಎ (ಸ್ವಂತ ಜೀವಕೋಶಗಳ ನ್ಯೂಕ್ಲಿಯಸ್ ವಿರುದ್ಧದ ಪ್ರತಿಕಾಯ ಹುಡುಕುವ ರಕ್ತಪರೀಕ್ಷೆ) ಬರೆದುಕೊಡುವುದುಂಟು. ಕಿಡ್ನಿಗೆ ತೊಂದರೆ ಶುರುವಾದರೆ ಅದರಲ್ಲಿ ಗೊತ್ತಾಗುತ್ತದೆಯೇ?

ಉತ್ತರ 1: ಇಲ್ಲ. ಎಎನ್‌ಎ ರೋಗಪತ್ತೆಯ ಮೊದಲ ಮೆಟ್ಟಿಲಷ್ಟೇ; ಲೂಪಸ್ ಗುರುತಿಸುವ 2019ರ ಮಾನದಂಡದಲ್ಲಿ 1:80 ಅಥವಾ ಹೆಚ್ಚಿನ ಟೈಟರ್ (ಎಷ್ಟು ತೆಳುಗೊಳಿಸಿದರೂ ಪ್ರತಿಕಾಯ ಕಾಣುತ್ತದೆ ಎಂಬ ಅಳತೆ) ಕೇಳುತ್ತಾರೆ. ಆಮೇಲೆ ಅದೇ ದುಡ್ಡನ್ನು ಆಂಟಿ-ಡಿಎಸ್‌ಡಿಎನ್‌ಎ (ಡಿಎನ್‌ಎ ವಿರುದ್ಧದ ಪ್ರತಿಕಾಯ) ಮತ್ತು ಸಿ3, ಸಿ4 (ರೋಗನಿರೋಧಕ ವ್ಯವಸ್ಥೆಯ ಕಾಂಪ್ಲಿಮೆಂಟ್ ಪ್ರೋಟೀನ್‌ಗಳು) ಪರೀಕ್ಷೆಗೆ ಹಾಕಿ. ಆಂಟಿ-ಡಿಎಸ್‌ಡಿಎನ್‌ಎ ಏರುತ್ತಾ ಸಿ3 ಇಳಿದರೆ ಎಚ್ಚರ. ಲ್ಯಾಬ್, ವಿಧಾನ ಎರಡೂ ಬದಲಾಗಬಾರದು; ಎಲೈಸಾ ಅಂಕಿಯನ್ನು ಕ್ರಿಥಿಡಿಯಾ ಫಲಿತಾಂಶದ ಜೊತೆ (ಎರಡೂ ಆಂಟಿ-ಡಿಎಸ್‌ಡಿಎನ್‌ಎ ಪರೀಕ್ಷಿಸುವ ಬೇರೆ ಬೇರೆ ವಿಧಾನಗಳು) ಹೋಲಿಸಲಾಗದು.

ಉತ್ತರ 2: ರಕ್ತವೊಂದೇ ಸಾಲದು. ರಕ್ತದ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ ತ್ಯಾಜ್ಯ) ನಾರ್ಮಲ್ ಇದ್ದಾಗಲೇ ಮೂತ್ರದಲ್ಲಿ ಪ್ರೋಟೀನ್ ಸೋರಬಹುದು. ಬೆಳಗಿನ ಮೊದಲ ಮೂತ್ರದಲ್ಲಿ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ 0.5 ದಾಟಿ ಹಾಗೇ ಉಳಿದರೆ ಬಯಾಪ್ಸಿ (ಕಿಡ್ನಿಯ ಸಣ್ಣ ತುಣುಕು ತೆಗೆದು ಪರೀಕ್ಷಿಸುವುದು) ಮಾತು ಬರುತ್ತದೆ. ಮುಟ್ಟಿನ ದಿನಗಳಲ್ಲಿ ಸ್ಯಾಂಪಲ್ ಬೇಡ.

ಉತ್ತರ 3: ಜ್ವರವಿದ್ದರೆ ಸಿಆರ್‌ಪಿ ಸೇರಿಸಿ. ಲೂಪಸ್ ಕೆರಳಿದಾಗ ಇಎಸ್‌ಆರ್ (ಇದೂ ಸಿಆರ್‌ಪಿಯಂತೆ ಉರಿಯೂತ ತೋರಿಸುವ ರಕ್ತಪರೀಕ್ಷೆ) ಏರಿದರೂ ಸಿಆರ್‌ಪಿ ಸಾಮಾನ್ಯವಾಗಿ ಅಷ್ಟು ಏರದು. ತುಂಬಾ ಏರಿದ್ದರೆ ಮೊದಲು ಸೋಂಕು ಹುಡುಕಬೇಕು.