ಡೈಕ್ ಅಂದ್ರೆ ಬಂಡೆನಾ, ಒಡ್ಡಾ?

ಪ್ರಶ್ನೆ:
ನಮಸ್ಕಾರ ಎಲ್ರಿಗೂ. ಕೆಎಎಸ್‌ಗೆ ಭೂಗೋಳ ಓದ್ತಾ ಇದೀನಿ. ಶಿಲೆಗಳ ಪಾಠದಲ್ಲಿ ಡೈಕ್ ಅಂದ್ರೆ ಬಿರುಕಿಗೆ ಶಿಲಾಪಾಕ (ಭೂಮಿಯೊಳಗೆ ಕರಗಿರೋ ಕಲ್ಲು) ನುಗ್ಗಿ ಗಟ್ಟಿಯಾದ ಬಂಡೆ ಅಂತಿದೆ, ನೆದರ್ಲೆಂಡ್ಸ್ ಬಗ್ಗೆ ಓದಿದ್ರೆ ಸಮುದ್ರದ ನೀರು ತಡೆಯೋ ಒಡ್ಡು ಅಂತಿದೆ, ಡಿಕ್ಷನರಿಲಿ ಕಂದಕ ಅಂತಾನೂ ಕೊಟ್ಟಿದಾರೆ. ಇವು ಬೇರೆ ಬೇರೆ ಪದಗಳಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಉತ್ತರ 1:
ಒಂದೇ ಪದ. ಕಂದಕ ತೋಡಿದ್ರೆ ಆ ಮಣ್ಣನ್ನ ಪಕ್ಕಕ್ಕೆ ಹಾಕ್ಲೇಬೇಕಲ್ವಾ, ಅಲ್ಲೊಂದು ದಿಬ್ಬ ಏಳುತ್ತೆ, ಎರಡಕ್ಕೂ ಒಂದೇ ಹೆಸರು ಬಂತು. ಡಿಚ್ ಅನ್ನೋದೂ ಅದೇ ಮೂಲದ್ದು. ಇಂಗ್ಲೆಂಡ್, ವೇಲ್ಸ್ ಗಡಿಲಿರೋ 8ನೇ ಶತಮಾನದ ಆಫಾಸ್ ಡೈಕ್‌ನಲ್ಲಿ ದಿಬ್ಬ, ಕಂದಕ ಎರಡೂ ಅಕ್ಕಪಕ್ಕ ಇವೆ. ಸ್ಕಾಟ್ಲೆಂಡ್‌ನಲ್ಲಿ ಗಾರೆ ಇಲ್ದೆ ಕಲ್ಲು ಜೋಡಿಸಿ ಕಟ್ಟಿದ ಹೊಲದ ಗೋಡೆಗೂ ಡೈಕ್ ಅಂತಾರೆ. ಬಂಡೆಗೆ ಈ ಹೆಸರು ಬಂದಿದ್ದು ಗೋಡೆ ಅನ್ನೋ ಅರ್ಥದಿಂದ, ಸುತ್ತಲಿನ ಮೆತ್ತನೆ ಕಲ್ಲು ಸವೆದು ಹೋದ್ಮೇಲೆ ಅದು ಗೋಡೆ ಥರಾನೇ ನಿಂತಿರುತ್ತೆ.

ಉತ್ತರ 2:
ಪರೀಕ್ಷೆಗೆ ಇದೊಂದು ನೆನಪಿಟ್ಕೊಳಿ, ನುಗ್ಗಿದ ಶಿಲಾಪಾಕ ಸುತ್ತಲಿನ ಕಲ್ಲಿನ ಪದರಗಳನ್ನ ಅಡ್ಡ ಕತ್ತರಿಸ್ಕೊಂಡು ಹೋದ್ರೆ ಡೈಕ್, ಪದರಗಳ ಮಧ್ಯೆ ಅದೇ ದಿಕ್ಕಲ್ಲಿ ಹರಡಿದ್ರೆ ಸಿಲ್.

ಡೈಕ್ ನೋಡೋಕೆ ದೂರ ಹೋಗೋದೇನೂ ಬೇಡ. ಬೆಂಗಳೂರು ಸುತ್ತಮುತ್ತ ಇರೋ ಡಾಲರೈಟ್ (ಒಂಥರಾ ಕಪ್ಪು ಅಗ್ನಿಶಿಲೆ) ಡೈಕ್‌ಗಳಲ್ಲಿ ಕೆಲವಕ್ಕೆ ಸುಮಾರು 237 ಕೋಟಿ ವರ್ಷ ವಯಸ್ಸು. ಕನಕಪುರ, ಚಾಮರಾಜನಗರ ಕಡೆ ಕ್ವಾರಿಗಳಿಂದ ಬರೋ ಕರಿಕಲ್ಲು, ಅಂಗಡಿಯವರು ಬ್ಲ್ಯಾಕ್ ಗ್ರಾನೈಟ್ ಅಂತ ಮಾರ್ತಾರಲ್ಲ, ಅದು ಈ ಡೈಕ್‌ನದೇ, ಗ್ರಾನೈಟ್ ಅಲ್ವೇ ಅಲ್ಲ. ಇನ್ನು ಬೋರ್‌ವೆಲ್ ಪಾಯಿಂಟ್ ನೋಡೋರಿಗಂತೂ ಇದು ಬಹಳ ಮುಖ್ಯ, ಯಾಕಂದ್ರೆ ಬಿರುಕಿಲ್ಲದ ಗಟ್ಟಿ ಡೈಕ್ ಇದ್ರೆ ಅಂತರ್ಜಲ ಅದನ್ನ ದಾಟಿ ಹರಿಯಲ್ಲ, ಮೇಲ್ಗಡೆ ಬದಿಗೆ ಕೊರೆದ್ರೆ ನೀರು ಸಿಗೋ ಸಾಧ್ಯತೆ ಜಾಸ್ತಿ, ಬಿರುಕು ಬಿಟ್ಟಿದ್ರೆ ಡೈಕ್ ಉದ್ದಕ್ಕೂ ನೀರು ಓಡುತ್ತೆ. ಸುಮ್ನೆ ತೆಂಗಿನಕಾಯಿ ಹಿಡ್ಕೊಂಡು ನೋಡೋ ಬದ್ಲು ಭೂವಿಜ್ಞಾನಿನ ಕರೆಸಿ ಅಂತ ನಾನು ಎಲ್ರಿಗೂ ಹೇಳೋದು ಇದಕ್ಕೇ.

ಉತ್ತರ 3:
ನೆದರ್ಲೆಂಡ್ಸ್ ಬಗ್ಗೆ ನಾನು ಸೇರಿಸ್ತೀನಿ. ಆ ದೇಶದ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ನೆಲ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. 1932ರಲ್ಲಿ ಮುಗಿದ ಆಫ್‌ಸ್ಲೌಟ್‌ಡೈಕ್ 32 ಕಿಲೋಮೀಟರ್ ಉದ್ದ, ಅದನ್ನ ಕಟ್ಟಿದ್ಮೇಲೆ ಒಳಗಿದ್ದ ಉಪ್ಪುನೀರಿನ ಕೊಲ್ಲಿ ಸಿಹಿನೀರಿನ ಕೆರೆ ಆಯ್ತು. 1953ರಲ್ಲಿ ಬಿರುಗಾಳಿಗೆ ಡೈಕ್‌ಗಳು ಒಡೆದು ಅಲ್ಲಿ 1,836 ಜನ ಸತ್ರು. ಬರೀ ಪ್ರವಾಹ ಬಂದ್ರೆ ಮಾತ್ರ ಒಡೆಯೋದು ಅನ್ಕೋಬೇಡಿ, 2003ರ ಆಗಸ್ಟ್‌ನಲ್ಲಿ ವಿಲ್ನಿಸ್ ಅನ್ನೋ ಊರಲ್ಲಿ ಮಳೆ ಇಲ್ದೆ ಪೀಟ್ ಮಣ್ಣಿನ (ಅರೆಕೊಳೆತ ಗಿಡಗಳಿಂದಾದ ಮಣ್ಣು) ಡೈಕ್ ಒಣಗಿ ಹಗುರ ಆಗಿ, ಕಾಲುವೆ ನೀರಿನ ಒತ್ತಡಕ್ಕೆ ಪಕ್ಕಕ್ಕೆ ಜಾರಿ ಮನೆಗಳ ಕಡೆ ನೀರು ನುಗ್ತು. ಬೇಸಿಗೆಲಿ! ಜೊತೆಗೆ ನೀರಿಲಿಗಳು ಬಿಲ ತೋಡಿ ಡೈಕ್ ಹಾಳು ಮಾಡ್ತವೆ ಅಂತ ಅವನ್ನ ಹಿಡಿಯೋಕೇ ಅಲ್ಲಿ ಸಂಬಳದ ಜನ ಇದಾರೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್, ಕರಿಕಲ್ಲಿನ ವಿಷ್ಯ ಗೊತ್ತೇ ಇರ್ಲಿಲ್ಲ. ಸ್ಪೆಲ್ಲಿಂಗ್ ಮಾತ್ರ ಒಂದು ಕಡೆ ಐ, ಇನ್ನೊಂದು ಕಡೆ ವೈ ಇದೆ, ಯಾವ್ದು ಬರೀಲಿ?

ಉತ್ತರ 2:
ಎರಡೂ ಸರಿ. ಬ್ರಿಟಿಷ್ ಪುಸ್ತಕಗಳಲ್ಲಿ ಹೆಚ್ಚಾಗಿ ವೈ, ಅಮೆರಿಕದವ್ರು ಐ ಬರೀತಾರೆ. ಉತ್ತರ ಪತ್ರಿಕೇಲಿ ಒಂದನ್ನೇ ಕೊನೆವರೆಗೂ ಬಳಸಿ ಸಾಕು.