ಸೇಬಿನ ಮಮ್ಮಿ ಮಾಡೋಕೆ ಬರೀ ಉಪ್ಪು ಸಾಕಾ?

ಪ್ರಶ್ನೆ (ಶ್ರೀನಿವಾಸಪುರದ ಮೇಷ್ಟ್ರು): ಮಕ್ಕಳಿಗೆ ಈಜಿಪ್ಟಿನ ಪಾಠ ನಡೆಯುತ್ತಿದೆ. ಅಲ್ಲಿ ಹೆಣವನ್ನು ಕೊಳೆಯದಂತೆ ಒಣಗಿಸಿ ಮಮ್ಮಿ ಮಾಡುತ್ತಿದ್ದರಲ್ಲ, ಹಾಗೆ ಒಂದು ಹಣ್ಣನ್ನು ಮಮ್ಮಿ ಮಾಡಿ ತೋರಿಸುವ ಆಸೆ. ನಮ್ಮೂರಲ್ಲಿ ಮಾವಿಗೇನು ಬರ? ಅದೇ ಆಗುತ್ತದಾ?

ಉತ್ತರ: ಮಾಗಿದ ಮಾವು ಬೇಡ ಸಾರ್, ರಸ ಜಾಸ್ತಿ. ಸೇಬಿನ ಹೋಳು ಒಳ್ಳೇದು. ಈಜಿಪ್ಟಿನವರು ಬಳಸಿದ್ದು ನೇಟ್ರಾನ್ ಎಂಬ ಉಪ್ಪಿನಂಥ ಪದಾರ್ಥ. ಅಲ್ಲಿನ ವಾದಿ ನಟ್ರೂನ್ ಎಂಬ ಕಣಿವೆಯ ಕೆರೆಗಳಲ್ಲಿ ಸಿಗುತ್ತಿತ್ತು. ಅದರಲ್ಲಿ ವಾಷಿಂಗ್ ಸೋಡಾ, ಅಡುಗೆ ಸೋಡಾ, ಉಪ್ಪು ಬೆರೆತಿರುತ್ತವೆ. ನೀವು ಪುಡಿ ಉಪ್ಪು, ಅಡುಗೆ ಸೋಡಾ ಸಮಸಮ ಬೆರೆಸಿ. ಲೋಟಕ್ಕೆ ಹಾಕಿ, ಹೋಳು ಅದರಲ್ಲಿ ಪೂರ್ತಿ ಹೂತಿರಬೇಕು. ಲೋಟದ ಬಾಯಿ ಮುಚ್ಚಬೇಡಿ, ಒಂದು ವಾರ ಬಿಡಿ.

ಇನ್ನೊಬ್ಬರು: ಮೊದಲೂ ಆಮೇಲೂ ತೂಕ ಹಾಕಿಸಿ. ಎಷ್ಟು ನೀರು ಹೋಯಿತೆಂದು ಮಕ್ಕಳೇ ಲೆಕ್ಕ ಹಾಕುತ್ತಾರೆ. ಹೋಲಿಸಿ ನೋಡಲು ಪಕ್ಕದಲ್ಲಿ ಏನೂ ಹಾಕದ ಹೋಳೂ ಇರಲಿ. ಹೆಣವನ್ನು ಈಜಿಪ್ಟಿನವರು ಸುಮಾರು 40 ದಿನ ಒಣಗಿಸುತ್ತಿದ್ದರು.

ಮೇಷ್ಟ್ರು: ಆಮೇಲೆ ತಿನ್ನಬಹುದಾ? ಮಕ್ಕಳು ಕೇಳೇ ಕೇಳುತ್ತಾರೆ.

ಉತ್ತರ: ಬೇಡವೇ ಬೇಡ. ಲೋಟದ ಮೇಲೇ ಬರೆದಿಡಿ.