ನಿವಟಿ ಮೀನಿಗೆ ಕನ್ನಡದಲ್ಲಿ ಏನಂತಾರೆ?

ಎಲ್ಲರಿಗೂ ನಮಸ್ಕಾರ. ಕರಾವಳಿಯವರಿಗೆ ಒಂದು ಪ್ರಶ್ನೆ.

ಮುಂಬಯಿ, ಠಾಣೆ ಕಡೆ ಖಾರಿಯ, ಅಂದರೆ ಕಡಲ ನೀರು ಒಳಗೆ ಚಾಚಿಕೊಂಡ ಜಾಗದ, ಕೆಸರಲ್ಲಿ ಗೇಣುದ್ದದ ಒಂದು ಮೀನು ಸಿಗುತ್ತದೆ. ಮರಾಠಿಯಲ್ಲಿ ನಿವಟಿ, ಗುಜರಾತಿಯಲ್ಲಿ ಲೆವಟಾ. ವಿಜ್ಞಾನದ ಹೆಸರು ಬೋಲಿಯಾಫ್ತಾಲ್ಮಸ್ ಡುಸುಮಿಯೇರಿ. ನೀರು ಇಳಿದು ಹೋದರೂ ಇದು ಕೆಸರಿನ ಮೇಲೆಯೇ ಓಡಾಡಿಕೊಂಡಿರುತ್ತದೆ. ಮೈ ಒದ್ದೆಯಾಗಿದ್ದರೆ ಸಾಕು, ಚರ್ಮದಿಂದಲೂ ಉಸಿರಾಡುತ್ತದೆ. ಅಪಾಯ ಕಂಡರೆ ಬಿಲಕ್ಕೆ ನುಗ್ಗುತ್ತದೆ.

ಇಂಗ್ಲಿಷಿನ ಮಡ್‌ಸ್ಕಿಪರ್ ನೋಡಿ ‘ಕೆಸರುಜಿಗಿಕ’ ಅಂತ ಕಟ್ಟಬಹುದು. ನನಗೆ ಅದು ಒಗ್ಗುತ್ತಿಲ್ಲ. ಆ ಇಂಗ್ಲಿಷ್ ಹೆಸರಿನಡಿ ಬೇರೆ ಮೀನುಗಳೂ ಬರುತ್ತವೆ. ಪೆರಿಯಾಫ್ತಾಲ್ಮಸ್ ಜಾತಿಯವು ಸಣ್ಣ ಏಡಿ, ಹುಳುಹುಪ್ಪಟೆ ಹಿಡಿದು ತಿನ್ನುತ್ತವೆ. ನಿವಟಿ ಹಾಗಲ್ಲ. ತಲೆಯನ್ನು ಅತ್ತಿತ್ತ ಆಡಿಸುತ್ತಾ ಕೆಸರಿನ ಮೇಲ್ಪದರವನ್ನು ಬಾಯಿಂದ ಕೆರೆದುಕೊಳ್ಳುತ್ತದೆ. ಹುಲ್ಲು ಮೇಯುವ ದನದ ಹಾಗೆ. ಗಂಡುಗಳು ಬೆನ್ನಿನ ರೆಕ್ಕೆ ಬಿಚ್ಚಿ ನೆಗೆಯುವುದುಂಟು, ಆದರೆ ದಿನದ ಕಸುಬು ಮೇಯುವುದೇ.

ಏನನ್ನು ಮೇಯುತ್ತದೆ ಅನ್ನುವಲ್ಲೂ ತೊಡಕಿದೆ. ‘ಪಾಚಿ’ ಅಂದರೆ ಕೆರೆ ಮೆಟ್ಟಿಲಿನ ಹಸಿರು ಜಾರಿಕೆಯೇ ನಮ್ಮ ಕಣ್ಣಿಗೆ ಬರುತ್ತದೆ, ಅಲ್ವಾ? ಇದು ತಿನ್ನುವುದು ಹೆಚ್ಚಾಗಿ ಡಯಾಟಮ್. ಒಂದೇ ಕೋಶದ ಪಾಚಿ, ಸಿಲಿಕಾದ ಚಿಪ್ಪು, ಬರಿಗಣ್ಣಿಗೆ ಒಂದೊಂದಾಗಿ ಕಾಣುವುದಿಲ್ಲ. ಇಳಿತದ ಹೊತ್ತಿಗೆ ಬಿಸಿಲು ಬಿದ್ದರೆ ಕೆಸರಿನ ಮೇಲೆ ಕಂದುಬಣ್ಣದ ತೆಳು ಪೊರೆಯಾಗಿ ಕಾಣುತ್ತದೆ ಅಷ್ಟೆ. ಹಾಗಾಗಿ ಸುಮ್ನೆ ಪಾಚಿ ಅನ್ನದೆ ‘ಕೆಸರುಪಾಚಿ’ ಅಂದರೆ ಹೇಗೆ?

ಇನ್ನು ಜಾಗದ ಮಾತು. ಉಬ್ಬರದಲ್ಲಿ ಮುಳುಗಿ, ಇಳಿತದಲ್ಲಿ ತೆರೆದುಕೊಳ್ಳುವ ಕೆಸರಿನ ಬಯಲಿಗೆ ಒಂದು ಪದ ಬೇಕು. ‘ಅಳಿವೆ’ ಅಂದರೆ ನದಿ ಕಡಲು ಸೇರುವ ಬಾಯಿ. ‘ಗಜನಿ’ ಅಂದರೆ ಅಘನಾಶಿನಿ ನದಿಯ ಕಡೆ ಕಗ್ಗ ಭತ್ತ ಬೆಳೆಯುವ ಉಪ್ಪುನೀರಿನ ಗದ್ದೆ. ‘ಕಾಂಡ್ಲ’ ಅಂದರೆ ಆ ಕೆಸರಲ್ಲಿ ಬೆಳೆಯುವ ಗಿಡ (ಮ್ಯಾಂಗ್ರೋವ್). ‘ಹೂಳು’ ಅಂದರೆ ಮಣ್ಣಾಯಿತು, ಜಾಗವಾಗಲಿಲ್ಲ. ಮೂರು ನಾಲ್ಕು ಪದ ಸುತ್ತಮುತ್ತ ಇದ್ದರೂ ನಡುವಿನದೇ ಕೈಗೆ ಸಿಗುತ್ತಿಲ್ಲ. ನನ್ನ ಬರಹದಲ್ಲಿ ಸದ್ಯಕ್ಕೆ ‘ಇಳಿತದ ಕೆಸರುಬಯಲು’ ಅಂತ ಬರೆದಿದ್ದೇನೆ, ಸ್ವಲ್ಪ ಉದ್ದವಾಯಿತು.

ಮೀನಿನ ಹೆಸರು ಸಿಗದಿದ್ದರೆ ನಾನಂತೂ ‘ನಿವಟಿ’ಯನ್ನೇ ಇಟ್ಟುಕೊಳ್ಳುತ್ತೇನೆ. ಹೊಸದಾಗಿ ಕಟ್ಟಿದ ಪದಕ್ಕಿಂತ ನೆರೆಮನೆಯ ಪದ ವಾಸಿ. ಆದರೆ ಅದಕ್ಕೆ ಮೊದಲು ಕುಮಟಾ, ಹೊನ್ನಾವರ, ಕುಂದಾಪುರದ ಮೀನುಗಾರರ ಬಾಯಲ್ಲಿ ಏನಿದೆ ಅಂತ ತಿಳಿಯಬೇಕು. ಕೆಸರಲ್ಲಿ ಓಡಾಡುವ ಎಲ್ಲ ಮೀನಿಗೂ ಒಂದೇ ಹೆಸರೋ, ಮೇಯುವುದಕ್ಕೆ ಬೇರೆ, ಏಡಿ ಹಿಡಿಯುವುದಕ್ಕೆ ಬೇರೆಯೋ? ತುಳು, ಕೊಂಕಣಿ ಹೆಸರಾದರೂ ನಡೆಯುತ್ತದೆ. ಯಾವ ಊರಲ್ಲಿ ಕೇಳಿದ್ದು ಅಂತಲೂ ಬರೆಯಿರಿ.